ನಮ್ಮ ಮನೆ ಒಂದು ತಂಗುದಾಣ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು: 'ಬೀದಿನಾಯಿಗಳ ಮೇಲೆ ಅಷ್ಟೊಂದು ಮರುಕ ಇರುವವರು ಅವನ್ನೆಲ್ಲ ತಮ್ಮ ಮನೆಗೇ ಕರೆದುಕೊಂಡು ಹೋಗಿ ಸಾಕಿಕೊಳ್ಳಲಿ.' ಅದನ್ನು ನಾನು ಓದುತ್ತಿದ್ದ ಹೊತ್ತಿಗೆ ನಮ್ಮ ಹಿಂದಿನ ಬಚ್ಚಲುಮನೆಯಲ್ಲಿ ಒಂದು ನಾಯಿ ನಿಮ್ಮದೇ ಪತ್ರಿಕೆಯ ಮೊನ್ನೆಯ ಸಂಚಿಕೆಯ ಮೇಲೆ ಬೆಳಗಿನ ಕೆಲಸ ಮುಗಿಸುತ್ತಿತ್ತು. ಹಾಗಾಗಿ ಅವರಿಗೆ ಉತ್ತರ ಕೊಡುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡು ಬರೆಯುತ್ತಿದ್ದೇನೆ. ಪತ್ರ ಉದ್ದವಾದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ನಾನು ಸಾರಿಗೆ ಸಂಸ್ಥೆಯಲ್ಲಿ 33 ವರ್ಷ ಕಂಡಕ್ಟರ್ ಆಗಿದ್ದು 2020ರ ಜನವರಿಯಲ್ಲಿ ನಿವೃತ್ತನಾದವನು. ಸರ್ವಿಸಿನ ಬಹುಭಾಗ ಮೈಸೂರು, ಹ್ಯಾಂಡ್‌ಪೋಸ್ಟ್, ಎಚ್.ಡಿ. ಕೋಟೆ, ಸರಗೂರು ಕಡೆಯ ಗಾಡಿಗಳಲ್ಲೇ ಕಳೆಯಿತು. ಕೋಳಿಗೂ ಟಿಕೆಟ್ ಹರಿದು ಪ್ರಯಾಣಿಕರಿಂದ ಬೈಸಿಕೊಂಡ ಜಾತಿಗೆ ಸೇರಿದವನು. ನಾಯಿ ಕಂಡರೆ ಮುದ್ದು ಉಕ್ಕಿ ಬರುವ ಮನುಷ್ಯನಂತೂ ಅಲ್ಲವೇ ಅಲ್ಲ. 1994ರಲ್ಲಿ ಕೋಟೆಯಲ್ಲಿ ನೈಟ್ ಹಾಲ್ಟ್ ಮಾಡಿ, ಬೆಳಗಿನ ಐದೂವರೆ ಗಾಡಿಗೆ ಅಂತ ಕತ್ತಲಲ್ಲಿ ನಡೆದು ಬರುವಾಗ ಒಂದು ನಾಯಿ ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಆಗೆಲ್ಲ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ ಈಗ ಇಲ್ಲ. ಹೊಟ್ಟೆಯ ಮೇಲೆ ಗಂಟುಗಂಟಾಗಿ ಊದಿಕೊಂಡು, ಚಿಲ್ಲರೆ ತುಂಬಿದ ಚರ್ಮದ ಬ್ಯಾಗು ಅಲ್ಲಿಗೇ ಬಂದು ಬಡಿಯುತ್ತಿತ್ತು. ಎರಡು ವಾರ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ಟಿಕೆಟ್ ಕೊಟ್ಟೆ. ಕಚ್ಚಿಸಿಕೊಂಡವರ ಭಯ, ಕೋಪ ನನಗೆ ಗೊತ್ತಿಲ್ಲ ಅಂತ ಯಾರೂ ಹೇಳದಿರಲಿ ಎಂದು ಇದನ್ನು ಮೊದಲೇ ಬರೆದೆ.

ನಿವೃತ್ತಿಯಾಗಿ ಎರಡು ತಿಂಗಳಿಗೆ ಲಾಕ್‌ಡೌನ್ ಬಂತು. ಬೆಂಗಳೂರಿನ ಕಂಪನಿಯಲ್ಲಿದ್ದ ಮಗಳು ಕಂಪ್ಯೂಟರ್ ಹೊತ್ತುಕೊಂಡು ಮನೆಗೆ ಬಂದಳು. ಹೋಟೆಲು, ಕ್ಯಾಂಟೀನು, ಬಂಡಿ ಅಂಗಡಿ ಎಲ್ಲ ಮುಚ್ಚಿದ್ದವಲ್ಲ, ಅವುಗಳ ಹಿಂಬಾಗಿಲನ್ನೇ ನಂಬಿಕೊಂಡಿದ್ದ ನಾಯಿಗಳ ಪಕ್ಕೆಲುಬು ಎಣಿಸುವ ಹಾಗಾಯಿತು. ಪ್ರಾಣಿ ರಕ್ಷಣೆಯ ಒಂದು ಗುಂಪಿನ ಹುಡುಗ ಹುಡುಗಿಯರು ಪಾಸ್ ಮಾಡಿಸಿಕೊಂಡು ಸಂಜೆ ಅನ್ನ ಹಂಚುತ್ತಿದ್ದರು. ಮಗಳು ಸೇರಿಕೊಂಡಳು. ನಾನು ಮನೆಯಲ್ಲಿ ಕೂತು ಕೂತು ಬೇಸತ್ತಿದ್ದೆ, ಸ್ಕೂಟರ್ ಓಡಿಸುವ ಕೆಲಸ ಒಪ್ಪಿಕೊಂಡೆ. ಕರುಣೆಗಿಂತ ಹೆಚ್ಚಾಗಿ ರೂಟಿಗೆ ಹೋಗುವ ಅಭ್ಯಾಸ.

ಜುಲೈನಲ್ಲಿ ಒಂದು ಸಂಜೆ ಅವಳು ಕೇಳಿದಳು: "ಅಪ್ಪ, ಒಂದು ನಾಯಿಗೆ ಫಾಸ್ಟರ್ ಬೇಕಂತೆ. ನಾವು ಇಟ್ಕೊಳ್ಳೋಣ್ವಾ?"

ನನ್ನ ಕಿವಿಗೆ ಬಿದ್ದದ್ದು 'ಪ್ಲಾಸ್ಟರ್'. "ಪ್ಲಾಸ್ಟರ್ ಹಾಕ್ಸಿ ಬಿಡೋಣ ಬಿಡು, ಎಷ್ಟಾಗತ್ತೆ" ಅಂದೆ. ರಾತ್ರಿ ಆಟೋದಲ್ಲಿ ನಾಯಿ ಬಂದಾಗ ಅದರ ಮುಂಗಾಲಿಗೆ ನಿಜವಾಗಿಯೂ ಪ್ಲಾಸ್ಟರ್ ಹಾಕಿತ್ತು. ರಿಂಗ್ ರೋಡಿನಲ್ಲಿ ಯಾವುದೋ ಕಾರು ಹೊಡೆದು ಹೋಗಿದ್ದ ನಾಯಿ. ಆಟೋದವನು ಹೊರಟು ಹೋದ. ನಾಯಿ ಮಾತ್ರ ಹೊರಡಲಿಲ್ಲ. ಇನ್ನೂ ಆರು ವಾರ ಅದು ನಮ್ಮ ಮನೆಯಲ್ಲೇ ಇರುತ್ತದೆ ಅಂತ ಆಮೇಲೆ ತಿಳಿಯಿತು. ಫಾಸ್ಟರ್ ಎಂದರೆ ಅದು: ಬೇರೆ ಕಡೆ ಹೋಗಬೇಕಾದ ಪ್ರಾಣಿಯನ್ನು ಅದು ಹೋಗುವ ತನಕ ಮನೆಯಲ್ಲಿಟ್ಟು ನೋಡಿಕೊಳ್ಳುವುದು.

ನಮ್ಮ ಮನೆಯವಳು ಬಾಗಿಲಲ್ಲೇ ನಿಂತು ಕರಾರು ಹಾಕಿದಳು. ದೇವರ ಮನೆ ಹೊಸಿಲು ದಾಟಕೂಡದು. ಅಡುಗೆಮನೆ ಕಡೆ ಮೂತಿ ಹಾಕಕೂಡದು. "ನಾನಂತೂ ಮುಟ್ಟೋದಿಲ್ಲ, ಅಪ್ಪ ಮಗಳೇ ಬಾಚ್ಕೊಳ್ಳಿ." ಮೊದಲ ಎರಡು ಕರಾರು ಇವತ್ತಿಗೂ ಜಾರಿಯಲ್ಲಿವೆ. ಮೂರನೆಯದು ನಾಲ್ಕನೇ ದಿನ ಮುರಿಯಿತು. ನಾನು ಬೇಯಿಸಿದ ಅನ್ನ ಗಂಟುಗಂಟಾಗಿದೆ ಅಂತ ಗೊಣಗುತ್ತಾ ಅವಳೇ ರಾಗಿ ಅಂಬಲಿ ಕಾಯಿಸಿ, ಆರಿಸಿ, ಮಜ್ಜಿಗೆ ಬೆರೆಸಿ ಕೈಯಾರೆ ಬಡಿಸಿ ಇಟ್ಟಳು. ಉಪ್ಪು ಹಾಕಬೇಡ ಅಂದರೆ, "ಉಪ್ಪಿಲ್ದೆ ಯಾರು ತಿಂತಾರೆ" ಅಂತ ನನಗೇ ತಿರುಗಿಬಿದ್ದಳು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ ಅಂತ ಡಾಕ್ಟರ ಬಾಯಿಂದ ಕೇಳಿದ ಮೇಲೆ ಸುಮ್ಮನಾದಳು.

ಆ ನಾಯಿಗೆ 'ಹೋಲ್ಡಾನ್' ಅಂತ ಹೆಸರಿಟ್ಟೆ. ನಡೆಯಲಾಗದೆ ನಿಂತಲ್ಲೇ ನಿಲ್ಲುತ್ತಿತ್ತು. 47 ದಿನ ಇದ್ದು, ನಂಜನಗೂಡಿನ ಕಡೆ ಬಾಳೆ ಬೆಳೆಯುವ ಒಬ್ಬರ ತೋಟದ ಮನೆಗೆ ಹೋಯಿತು. ಹೋಗುವ ದಿನ ಅವರ ಜೀಪಿನ ಹಿಂದೆ ನಿಂತು ಅದರ ಮೈಗೆ ಎರಡು ಸಲ ತಟ್ಟಿ "ರೈಟ್" ಅಂದೆ. ಅಭ್ಯಾಸಬಲ. ಜೀಪು ಹೋಯಿತು. ಒಳಗೆ ಬಂದರೆ ಮನೆಯವಳು ಅಂಬಲಿಗೆ ನೀರಿಟ್ಟಿದ್ದಳು, ಅವಳಿಗೂ ಅಭ್ಯಾಸಬಲ. ಇಬ್ಬರೂ ಆ ಅಂಬಲಿಯನ್ನೇ ಕುಡಿದೆವು.

ಅಲ್ಲಿಂದ ಶುರುವಾದದ್ದಕ್ಕೆ ನಾನು ವೇ ಬಿಲ್ (ಕಂಡಕ್ಟರ್ ಟಿಕೆಟ್ ಲೆಕ್ಕ ಬರೆಯುವ ಹಾಳೆ) ಥರದ ಒಂದು ಪುಸ್ತಕ ಇಟ್ಟಿದ್ದೇನೆ. ಹತ್ತಿದ ತಾರೀಖು, ಹತ್ತಿದ ಸ್ಥಳ, ತೂಕ, ಲಸಿಕೆ, ಜಂತುಮಾತ್ರೆ, ಇಳಿದ ತಾರೀಖು, ಇಳಿದ ಸ್ಥಳ. ಈವರೆಗೆ 23 ಪ್ರಯಾಣಿಕರು. 14 ನಾಯಿಗಳಿಗೆ ಮನೆ ಸಿಕ್ಕಿತು. 5 ನಾಯಿಗಳು ಸಂತಾನಹರಣ ಶಸ್ತ್ರಚಿಕಿತ್ಸೆಯ ಗಾಯ ಮಾಯುವವರೆಗೆ ಇದ್ದು, ತಮ್ಮ ಬೀದಿಗೇ ವಾಪಸ್ ಹೋದವು. 3 ಸತ್ತವು. ಒಂದು ಈಗ ಬಚ್ಚಲುಮನೆಯಲ್ಲಿದೆ.

ಪತ್ರ ಬರೆದ ಮಹನೀಯರು ಗಮನಿಸಬೇಕಾದ್ದು ಇಷ್ಟು. ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ 23 ನಾಯಿ ಇರಲಿಲ್ಲ. ಹೆಚ್ಚೆಂದರೆ ಒಂದು, ಒಂದು ಸಲ ಮೂರು ಮರಿ. ಒಂದು ಬಚ್ಚಲುಮನೆ, ಸಿಮೆಂಟಿನ ಹಿತ್ತಲು, ನಿವೃತ್ತನ ಹೊತ್ತು, ಅಷ್ಟರಲ್ಲೇ 23 ಹತ್ತಿ ಇಳಿದಿವೆ. ಬಸ್ಸಿನಲ್ಲಿ ಐವತ್ತು ಸೀಟು ಇದ್ದರೂ ದಿನಕ್ಕೆ ಐನೂರು ಜನ ಓಡಾಡುವುದು ಹೇಗೆ? ಹತ್ತಿದವರು ಇಳಿಯುವುದರಿಂದ. ಅದಕ್ಕೇ ಕನ್ನಡದಲ್ಲಿ ಫಾಸ್ಟರ್ ಮನೆಗೆ ತಂಗುದಾಣ ಅನ್ನುವುದು ನನ್ನ ರೂಢಿ. ಬಸ್ಸು ಬರುವವರೆಗೆ ಬಿಸಿಲು ಮಳೆಗೆ ನಿಲ್ಲಲು ಒಂದು ಜಾಗ.

ಈ ಜಾಗ ಯಾಕೆ ಬೇಕು ಅಂತ ಕೇಳಬಹುದು. ಆಶ್ರಯ ಕೇಂದ್ರಗಳು ಇಲ್ಲವೇ? ಇವೆ, ಅಲ್ಲಿ ದುಡಿಯುವವರನ್ನು ಕಂಡರೆ ಕೈ ಮುಗಿಯಬೇಕು. ಆದರೆ ಮೂಳೆ ಮುರಿದ ನಾಯಿ ಐದಾರು ವಾರ ಅಲುಗಾಡದೆ ಇರಬೇಕು. ನಲವತ್ತು ನಾಯಿ ಬೊಗಳುವ ಕಡೆ ಅದು ಎಲ್ಲಿಂದ ಮಲಗೀತು? ಲಸಿಕೆ ಆಗದ ಮರಿಗೆ ಅಲ್ಲಿ ಹೊಸ ನಾಯಿಯಿಂದ ರೋಗ ತಗಲುತ್ತದೆ. ಬೀದಿಯಲ್ಲೇ ಬೆಳೆದ ನಾಯಿಗೆ ಮನೆ ಅಂದರೇನೆಂದೇ ತಿಳಿಯದು. ನಮ್ಮಲ್ಲಿಗೆ ಬಂದ ಒಂದು ಬಿಳಿ ನಾಯಿಗೆ ಫ್ಯಾನು ತಿರುಗಿದರೆ ಭಯ, ಪೊರಕೆ ಎತ್ತಿದರೆ ಭಯ, ಮೆಟ್ಟಿಲು ಇಳಿಯಲು ಭಯ. ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಸೇರಿಕೊಂಡು ಅರ್ಧ ದಿನ ಹೊರಗೆ ಬರುತ್ತಿರಲಿಲ್ಲ. ದಿನಾ ಕುಕ್ಕರ್ ಕೂಗುವ ಹೊತ್ತಿಗೆ ಸರಿಯಾಗಿ ಬೇಯಿಸಿದ ಮೊಟ್ಟೆಯ ಒಂದೊಂದು ಚೂರು ಕೊಡುತ್ತಾ ಬಂದೆವು. ಮೂರು ವಾರಕ್ಕೆ ಅದು ಎರಡನೇ ವಿಸಿಲ್ ಆದ ಕೂಡಲೇ ತಟ್ಟೆಯ ಮುಂದೆ ಬಂದು ಕೂರತೊಡಗಿತು. ಇದನ್ನು ಕೇಂದ್ರದಲ್ಲಿ ಯಾರು ಕಲಿಸುತ್ತಾರೆ? ಕಲಿಸಲು ಅಲ್ಲಿ ಕುಕ್ಕರೇ ಇರುವುದಿಲ್ಲ. ದತ್ತು ಕೊಂಡವರ ಮನೆಯಲ್ಲಿ ಮೊದಲ ದಿನವೇ ಹೆದರಿ ಕಚ್ಚಿತೋ, ಮರುದಿನ ಬೀದಿಗೆ.

ಸತ್ತ ಮೂರರ ಬಗ್ಗೆ ಹೇಳದೆ ಹೋದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಒಂದು ತೀರಾ ವಯಸ್ಸಾಗಿದ್ದ ನಾಯಿ, ಕಿಡ್ನಿ ಹೋಗಿತ್ತು, ಮಲಗಿದಲ್ಲೇ ಹೋಯಿತು. ಇನ್ನೆರಡು ಹಾಗಲ್ಲ.

2022ರ ಮಾರ್ಚ್. ಒಂದು ಕ್ಯಾಂಟೀನಿನ ಹಿಂದೆ ಸಿಕ್ಕವೆಂದು ಮೂರು ಮರಿ ತಂದುಕೊಟ್ಟರು. ಸುಮಾರು ನಲವತ್ತೈದು ದಿನದವು. ಇಡ್ಲಿ, ವಡೆ, ಬೋಂಡಾ ಅಂತ ಮಗಳೇ ಹೆಸರಿಟ್ಟಳು. ಮೊದಲ ದಿನ ಮೂರೂ ನನ್ನ ಚಪ್ಪಲಿಯ ಹಿಂದೆ ಬಿದ್ದವು. ಎರಡನೇ ದಿನ ಸಂಜೆ ಇಡ್ಲಿ ತಟ್ಟೆಯ ಕಡೆ ತಿರುಗಿ ನೋಡಲಿಲ್ಲ. ರಾತ್ರಿ ಹಳದಿ ನೊರೆ ಕಕ್ಕಿತು. ಬೆಳಿಗ್ಗೆ ಬಾಗಿಲು ತೆಗೆದರೆ ಬಚ್ಚಲಿನಲ್ಲಿ ನೀರಿನಂಥ ಕೆಂಪು ಭೇದಿ, ಮತ್ತೆ ಆ ವಾಸನೆ. ಅದನ್ನು ಒಮ್ಮೆ ಮೂಸಿದವರು ಜನ್ಮದಲ್ಲಿ ಮರೆಯುವುದಿಲ್ಲ. ತುಕ್ಕು ಹಿಡಿದ ತಗಡು ಮತ್ತು ಕೊಳೆತ ಮಾಂಸ ಒಟ್ಟಿಗೆ ಸೇರಿದಂತೆ. ಡಾಕ್ಟರು ಸಣ್ಣ ಕಿಟ್ಟಿನಲ್ಲಿ ಪರೀಕ್ಷೆ ಮಾಡಿ ಎರಡು ಗೆರೆ ತೋರಿಸಿದರು. ಪಾರ್ವೊ, ನಾಯಿಮರಿಗಳ ಕರುಳಿಗೆ ಬಡಿಯುವ ವೈರಸ್ ರೋಗ. ಇದಕ್ಕೆ ನೇರ ಔಷಧಿ ಇಲ್ಲ, ಮೈಯಲ್ಲಿ ನೀರು ಬತ್ತದಂತೆ ನೋಡಿಕೊಂಡು ಮರಿಯೇ ಗೆಲ್ಲುವವರೆಗೆ ಕಾಯಬೇಕು ಅಂದರು.

ಬಚ್ಚಲುಮನೆಯ ಕಿಟಕಿ ಸರಳಿಗೆ ಗ್ಲೂಕೋಸ್ ಬಾಟಲಿ ಕಟ್ಟಿದೆವು. ಮರಿಯ ಕಾಲಿನ ನರ ದಾರದಷ್ಟು ಸಣ್ಣದು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು, ನಿಮಿಷಕ್ಕೆ ಎಷ್ಟು ಹನಿ ಅಂತ ಡಾಕ್ಟರು ಹೇಳಿದ್ದನ್ನು ವಾಚು ಹಿಡಿದು ಎಣಿಸುತ್ತಾ ಕೂತೆ. ಮೂವತ್ತಮೂರು ವರ್ಷ ತಲೆ ಎಣಿಸಿದವನಿಗೆ ಹನಿ ಎಣಿಸುವುದು ಕಷ್ಟವೇ? ಕಷ್ಟವಾಯಿತು. ಬೆಳಗಿನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಇಡ್ಲಿ ಹೋಯಿತು. ಮೊದಲ ಡ್ಯೂಟಿಗೆ ನಾನು ಏಳುತ್ತಿದ್ದ ಹೊತ್ತು ಅದು. ಬೋಂಡಾ ಮರುದಿನ ಮಧ್ಯಾಹ್ನ, ಆಸ್ಪತ್ರೆಗೆ ಹೋಗುವ ಆಟೋದಲ್ಲಿ, ಮಗಳ ದುಪಟ್ಟಾದೊಳಗೆ. ವಡೆ ಉಳಿಯಿತು. ಯಾಕೆ ಉಳಿಯಿತೋ ದೇವರಿಗೇ ಗೊತ್ತು. ಆರನೇ ದಿನ ಎದ್ದು ನಿಂತು ಡ್ರಿಪ್ಪಿನ ಕೊಳವೆಯನ್ನೇ ಕಡಿಯಿತು.

ಆಮೇಲೆ ಗೊತ್ತಾದ ಸಂಗತಿ ನನ್ನನ್ನು ಹೆಚ್ಚು ಸುಟ್ಟಿತು. ಅದೇ ತಾಯಿಯ ನಾಲ್ಕನೇ ಮರಿ, ನಮ್ಮ ಮನೆಗೆ ಇವು ಬರುವ ಎರಡು ದಿನ ಮೊದಲು ಹೀಗೆಯೇ ವಾಂತಿ ಭೇದಿಯಾಗಿ ಸತ್ತಿತ್ತು. ಕಳಿಸಿದವರಿಗೆ ತಿಳಿದಿತ್ತು. 'ಹೇಳಿದ್ರೆ ಯಾರೂ ಇಟ್ಕೊಳ್ಳಲ್ಲ ಅಂಕಲ್' ಅಂದರು. ಮೊದಲೇ ಹೇಳಿದ್ದರೆ ಮೊದಲ ದಿನವೇ ಡಾಕ್ಟರ ಹತ್ತಿರ ಹೋಗುತ್ತಿದ್ದೆವು. ನಾನು ಡಿಪೋ ಶೈಲಿಯಲ್ಲಿ ಎರಡು ಪುಟದ ಮೆಮೊ ಬರೆದು ಕಳಿಸಿದೆ. ಉತ್ತರವಾಗಿ ಒಂದು ಕೆಂಪು ಹೃದಯದ ಚಿತ್ರ ಬಂತು. ಆ ಗುಂಪನ್ನು ಬಿಟ್ಟೆ. ಎಂಟು ತಿಂಗಳು ಮನೆಗೆ ಯಾವ ನಾಯಿಯೂ ಬರಲಿಲ್ಲ. ಆಮೇಲೆ ಬೇರೆ ನಾಲ್ಕೈದು ಜನರ ಸಣ್ಣ ಗುಂಪಿನ ಜೊತೆ ಸೇರಿದ್ದೇನೆ. ಅವರು ಕಡಿಮೆ ಮಾತಾಡುತ್ತಾರೆ, ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ.

ಓದುವವರಲ್ಲಿ ಯಾರಿಗಾದರೂ ಉಪಯೋಗವಾದೀತು: ಪಾರ್ವೊ ವೈರಸ್ ಫಿನೈಲಿಗೆ ಬಗ್ಗುವುದಿಲ್ಲ. ಬ್ಲೀಚ್ ದ್ರಾವಣ ಒಂದು ಪಾಲು, ನೀರು ಮೂವತ್ತು ಪಾಲು ಬೆರೆಸಿ, ಹತ್ತು ನಿಮಿಷ ನೆನೆಯಲು ಬಿಟ್ಟು ತೊಳೆಯಬೇಕು. ಮಣ್ಣಿನಲ್ಲಾದರೆ ಅದು ತಿಂಗಳುಗಟ್ಟಲೆ, ವರ್ಷದವರೆಗೂ ಉಳಿದೀತು. ಅಂದಿನಿಂದ ನಮ್ಮ ಮನೆಗೆ ಲಸಿಕೆ ಆಗದ ಮರಿಗಳಿಗೆ ಪ್ರವೇಶವಿಲ್ಲ, ದೊಡ್ಡ ನಾಯಿಗಳಿಗೆ ಮಾತ್ರ. ಮರಿಗೆ ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ ಹಾಕಿಸಿ, ಆಮೇಲೆ ಬೂಸ್ಟರ್ ತಪ್ಪಿಸದಿದ್ದರೆ ಈ ಸಾವು ಬಹುಮಟ್ಟಿಗೆ ತಪ್ಪುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ.

ಇನ್ನು ದತ್ತು ಕೇಳುವವರ ವಿಷಯ. ಫೋನಿನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಗಂಡೋ ಹೆಣ್ಣೋ ಸಾರ್?" ಹೆಣ್ಣು ಅಂದರೆ ಆ ಕಡೆ ಮೌನ. "ಮನೇಲಿ ಕೇಳಿ ಹೇಳ್ತೀನಿ" ಅಂತ ಇಟ್ಟವರು ಮತ್ತೆ ಮಾಡಿದ ಉದಾಹರಣೆ ನನ್ನ ಪುಸ್ತಕದಲ್ಲಿಲ್ಲ. ಸಂತಾನಹರಣ ಆಗಿದೆ, ಮರಿ ಹಾಕುವುದಿಲ್ಲ, ಬೆದೆಗೂ ಬರುವುದಿಲ್ಲ ಅಂದರೂ ಆಗದು. ಒಬ್ಬಳೇ ಮಗಳ ಅಪ್ಪ ನಾನು. ಅವಳು ಹುಟ್ಟಿದಾಗ ಆಸ್ಪತ್ರೆಯ ವರಾಂಡದಲ್ಲಿ ನೆಂಟರ ಮುಖ ಹೇಗಿತ್ತು ಅಂತ ನೆನಪಿದೆ. ಫೋನಿನಲ್ಲಿ ಆ ಮುಖ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಹೆಣ್ಣು ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಕಾಲುವೆ ಪಕ್ಕ ಬಿಟ್ಟು ಹೋಗುವುದೂ ಇದರದೇ ಮುಂದುವರಿಕೆ.

ಹೆಣ್ಣಾಗಿ ಬಣ್ಣವೂ ಕಪ್ಪಾದರೆ ಕೇಳುವುದೇ ಬೇಡ. ನಮ್ಮಲ್ಲಿ ಕಾಳಿ ಅಂತ ಒಂದು ಏಳು ತಿಂಗಳು ಉಳಿಯಿತು. ಶಾಂತ ಸ್ವಭಾವ, ಕಿವಿಯ ತುದಿಯಲ್ಲಿ ಸಂತಾನಹರಣವಾದ ಗುರುತು, ನೆಲ ಒರೆಸುವಾಗ ಕಾಲೆತ್ತಿ ಕೊಡುವಷ್ಟು ಜಾಣೆ. ನೋಡಲು ಬಂದ ಒಂದು ಕುಟುಂಬದ ಅಜ್ಜಿ, "ಬೆಳ್ಗೆದ್ದು ಇದ್ರ ಮುಖ ನೋಡ್ಬೇಕಾ" ಅಂದರು. ನಮ್ಮ ಮನೆಯವಳ ತವರು ಮದ್ದೂರು ತಾಲ್ಲೂಕಿನ ಆತಕೂರಿನ ಪಕ್ಕದ ಹಳ್ಳಿ. ಅವಳು ತಡೆಯದೆ ಶುರು ಮಾಡಿದಳು: "ನಮ್ಮೂರ ಕಡೆ ಸಾವಿರ ವರ್ಷದ ಹಿಂದೆ ಕಾಳಿ ಅನ್ನೋ ನಾಯಿಗೆ ಕಲ್ಲು ನಿಲ್ಸವ್ರೆ ಗೊತ್ತಾ?" ಮಾತು ನಿಜ. ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ಮೆಚ್ಚಿದ ದೊರೆ ಏನು ಬೇಕು ಕೇಳು ಅಂದಾಗ ಅವನು ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಹತ್ತನೇ ಶತಮಾನದ ಆ ಶಾಸನದ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನಾಯಿಯೂ ಹಂದಿಯೂ ಮುಖಾಮುಖಿಯಾದ ಕೆತ್ತನೆ ಸಮೇತ. ಮಗಳು ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ತೋರಿಸಿದ್ದಾಳೆ. ಅಜ್ಜಿ ಇದನ್ನೆಲ್ಲ ಕೇಳಿ ಕಾಫಿ ಕುಡಿದು ಹೊರಟರು. ಕಾಳಿಯನ್ನು ಕೊನೆಗೆ ಒಯ್ದದ್ದು ಬೋಗಾದಿಯ ಕಡೆ ಒಂಟಿಯಾಗಿರುವ ಒಬ್ಬ ನರ್ಸಮ್ಮ. ಅವರು ಗಂಡೋ ಹೆಣ್ಣೋ ಕೇಳಲಿಲ್ಲ. "ರಾತ್ರಿ ಡ್ಯೂಟಿ ಮುಗಿಸಿ ಬಂದಾಗ ಬೊಗಳದೆ ಬಾಗಿಲು ತೆಗೆಯೋಕೆ ಬಿಡುತ್ತಾ?" ಅಂತ ಕೇಳಿದರು.

ನಾನೂ ಕೇಳುತ್ತೇನೆ. ಧರ್ಮಸ್ಥಳಕ್ಕೆ ಹೋದರೆ ನಾಯಿಗೆ ಊಟ ಯಾರು ಹಾಕುತ್ತಾರೆ? ಬಾಡಿಗೆ ಮನೆಯಾದರೆ ಓನರ್ ಒಪ್ಪಿದ್ದಾರಾ? ಇಷ್ಟು ಕೇಳಿಯೂ ಒಂದು ನಾಯಿ ಹನ್ನೊಂದನೇ ದಿನಕ್ಕೆ ವಾಪಸ್ ಬಂತು, ಸೋಫಾ ಮೇಲೆ ಮೂತ್ರ ಮಾಡಿತು ಅಂತ. ಅಂಗಡಿಯಲ್ಲಿ ಸೀರೆ ಬದಲಾಯಿಸುವ ಹಾಗೆ ತಂದು ಗೇಟಿಗೆ ಕಟ್ಟಿ ಹೋದರು. ನನ್ನ ಪುಸ್ತಕದಲ್ಲಿ ಅದಕ್ಕೆ 'ರಿಟರ್ನ್ ಟಿಕೆಟ್' ಅಂತ ಬರೆದಿದ್ದೇನೆ. ಎರಡನೇ ಸಲ ಒಳ್ಳೆಯ ಮನೆ ಸಿಕ್ಕಿತು.

ಈಗ ಕೋರ್ಟಿನ ವಿಷಯ, ಏಕೆಂದರೆ ನಿಮ್ಮ ಓದುಗರ ಕೋಪದ ಮೂಲ ಅಲ್ಲಿದೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಕ್ಕೆ ಹಾಕಿ ಅಂದಿತು. ಅದೇ ತಿಂಗಳ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ರೇಬೀಸ್ ಇರುವ ಅಥವಾ ಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವಕ್ಕೆ ಸಂತಾನಹರಣ, ಲಸಿಕೆ ಮಾಡಿಸಿ ಹಿಡಿದ ಜಾಗಕ್ಕೇ ಬಿಡಿ ಅಂದಿತು. ನವೆಂಬರ್ 7ರಂದು ಮತ್ತೊಂದು ಆದೇಶ: ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಕೇಂದ್ರಕ್ಕೆ ಸಾಗಿಸಬೇಕು, ಮತ್ತೆ ಅಲ್ಲಿಗೆ ಬಿಡಕೂಡದು.

ಬಸ್ ನಿಲ್ದಾಣ ಅಂತ ಓದಿದಾಗ ನನಗೆ ಕಸಿವಿಸಿಯಾಯಿತು. ಕೋಟೆ ನಿಲ್ದಾಣದಲ್ಲಿ ನನ್ನನ್ನು ಕಚ್ಚಿದ್ದೂ ನಾಯಿಯೇ. ನೈಟ್ ಹಾಲ್ಟಿನಲ್ಲಿ ಡ್ರೈವರೂ ನಾನೂ ಬಸ್ಸಿನೊಳಗೆ ಮಲಗಿದ್ದಾಗ ಬಾಗಿಲ ಬಳಿ ಕಾವಲು ಮಲಗುತ್ತಿದ್ದದ್ದೂ ನಾಯಿಯೇ, ಬೇರೆ ನಾಯಿ. ಆಸ್ಪತ್ರೆ ವಾರ್ಡಿನೊಳಗೆ, ಅಂಗನವಾಡಿ ಬಾಗಿಲಲ್ಲಿ ನಾಯಿ ಇರಬಾರದು ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಹಿಡಿದದ್ದನ್ನು ಇಡುವುದು ಎಲ್ಲಿ? ಬೆಂಗಳೂರು ಒಂದರಲ್ಲೇ 2023ರ ಪಾಲಿಕೆ ಸಮೀಕ್ಷೆಯಲ್ಲಿ ಸಿಕ್ಕ ಬೀದಿನಾಯಿಗಳ ಅಂದಾಜು ಸುಮಾರು 2.79 ಲಕ್ಷ. ಎಷ್ಟು ಕಟ್ಟಡ ಕಟ್ಟಿಯಾರು? ಒಂದು ಹೆಣ್ಣು ನಾಯಿ ಗಬ್ಬವಾಗಿ 63 ದಿನಕ್ಕೆಲ್ಲ ಮರಿ ಹಾಕುತ್ತದೆ. ಟೆಂಡರ್ ಕರೆಯುವುದಕ್ಕೇ ಅದಕ್ಕಿಂತ ಹೆಚ್ಚು ದಿನ ಬೇಕು. ಆದ್ದರಿಂದ ಸಂತಾನಹರಣ, ಲಸಿಕೆ ಬಿಟ್ಟರೆ ಬೇರೆ ದಾರಿ ನನಗೆ ಕಾಣುವುದಿಲ್ಲ. ಮತ್ತೆ ಬೀದಿಗೆ ಬಿಡಲಾಗದ, ಕೇಂದ್ರದಲ್ಲಿಯೂ ಇಡಲಾಗದ ಕುಂಟು, ಕುರುಡು, ಮರಿ, ಮುದಿ ನಾಯಿಗಳಿಗೆ ಮನೆಗಳೇ ಬೇಕು.

ಮನೆ ಅಂದ ಕೂಡಲೇ ಎಲ್ಲರೂ ಹೇಳುವುದು: "ನಮಗೆ ಹದಿನೈದು ವರ್ಷ ನಾಯಿ ಸಾಕೋ ಯೋಗ್ಯತೆ ಇಲ್ಲಪ್ಪ." ಹಾಗೆ ಹೇಳುವ ಜನವೇ ಈ ಕೆಲಸಕ್ಕೆ ಬೇಕಾದವರು. ಸಾಯುವವರೆಗೆ ಸಾಕುವವರು ಒಂದನ್ನು ತಂದ ಮೇಲೆ ಬಾಗಿಲು ಮುಚ್ಚುತ್ತದೆ. ಹದಿನೈದು ದಿನ ಇಟ್ಟುಕೊಂಡು ಕಳಿಸುವವರ ಬಾಗಿಲು ಮತ್ತೆ ತೆರೆಯುತ್ತದೆ. ಮಕ್ಕಳು ವಿದೇಶದಲ್ಲಿದ್ದು ವರ್ಷಕ್ಕೆ ಮೂರು ತಿಂಗಳು ಅಲ್ಲಿಗೆ ಹೋಗಿ ಬರುವ ನಿವೃತ್ತರು ನಮ್ಮ ಬಡಾವಣೆಯಲ್ಲೇ ಬೇಕಾದಷ್ಟಿದ್ದಾರೆ. ನಾಯಿ ಸಾಕಲು ಆಗದು ನಿಜ. ಉಳಿದ ಒಂಬತ್ತು ತಿಂಗಳಲ್ಲಿ ಎರಡು ಮುರಿದ ಕಾಲು ಸರಿಯಾಗುವಷ್ಟು ಹೊತ್ತು ಇದೆಯಲ್ಲ? ವಯಸ್ಸಾಯಿತು ಅನ್ನುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ 1991ರಲ್ಲಿ ಕ್ಯೂಪಾ ಎಂಬ ಪ್ರಾಣಿ ರಕ್ಷಣಾ ಸಂಸ್ಥೆ ಶುರು ಮಾಡಿದ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆಗೆ ಆಗಲೇ ಎಂಬತ್ತು ದಾಟಿತ್ತು. ನನಗಿನ್ನೂ ಅರವತ್ತಾರು.

ಹಾಗಂತ ಕಣ್ಣು ಮುಚ್ಚಿ ಒಪ್ಪಿಕೊಳ್ಳಬೇಡಿ. ಇಳಿಯುವ ಸ್ಟೇಜು ಕೇಳದೆ ಯಾರನ್ನೂ ಹತ್ತಿಸಿಕೊಳ್ಳಬಾರದು, ಇದು ನನ್ನ ವೃತ್ತಿ ಕಲಿಸಿದ್ದು. ಯಾವ ತಾರೀಖಿನವರೆಗೆ? ಡಾಕ್ಟರ ಬಿಲ್ಲು ಯಾರ ಲೆಕ್ಕ? ರಾತ್ರಿ ಹನ್ನೊಂದಕ್ಕೆ ಏನಾದರೂ ಆದರೆ ಯಾರಿಗೆ ಫೋನು? ಮೊದಲು ಎಲ್ಲಿತ್ತು, ಜೊತೆಯ ನಾಯಿಗಳು ಹೇಗಿವೆ? ಗುಂಪಿನವರು ಇದಕ್ಕೆಲ್ಲ ಬರಹದಲ್ಲಿ ಉತ್ತರ ಕೊಡಲಿ. 'ಇವತ್ತು ರಾತ್ರಿಯೊಳಗೆ ಯಾರಾದರೂ ಕರೆದೊಯ್ಯದಿದ್ದರೆ ಸತ್ತೇ ಹೋಗುತ್ತದೆ' ಅಂತ ಅಳುವ ವೀಡಿಯೊ ಹಾಕಿ, ಒಪ್ಪಿದ ಮರುದಿನದಿಂದ ಫೋನ್ ಎತ್ತದ ಗುಂಪುಗಳೂ ಇವೆ. ಇನ್ನು ಕೆಲವರು ಬೇರೆಯವರ ಗೇಟಿನ ಮುಂದೆ ಅನ್ನ ಸುರಿದು ಹೋಗುತ್ತಾರೆ, ಒಂದು ನಾಯಿಗೂ ಸಂತಾನಹರಣ ಮಾಡಿಸುವುದಿಲ್ಲ. ಇವರಿಂದಲೇ ನಮ್ಮಂಥವರಿಗೂ ಬೈಗುಳ. ನಾನೂ ಮಗಳೂ ರೇಬೀಸ್ ಲಸಿಕೆಯನ್ನು ಮುಂಚಿತವಾಗಿಯೇ ಹಾಕಿಸಿಕೊಂಡಿದ್ದೇವೆ. ಈ ಕೆಲಸಕ್ಕೆ ಇಳಿಯುವವರು ಯಾರೇ ಆಗಲಿ ಮೊದಲು ಅದನ್ನು ಮಾಡಲಿ. ಆಮೇಲೂ ಕಚ್ಚಿದರೆ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗುವುದು ತಪ್ಪುವುದಿಲ್ಲ.

ಪಕ್ಕದ ಮನೆ ಮೇಷ್ಟ್ರು ಆರು ವರ್ಷದಿಂದ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ರಾತ್ರಿ ಬೊಗಳುವುದರಿಂದ ನಿದ್ದೆ ಕೆಡುತ್ತದೆ ಅನ್ನುತ್ತಾರೆ. ಸತ್ಯವೇ. ದಸರೆಯ ಕುಶಾಲತೋಪಿನ 21 ಸಿಡಿತ, ದೀಪಾವಳಿಯ ಪಟಾಕಿ, ಆ ದಿನಗಳಲ್ಲಿ ನಾಯಿಗಳು ಹುಚ್ಚೆದ್ದು ಕೂಗುತ್ತವೆ. ಬಚ್ಚಲಿನ ಕಿಟಕಿಗೆ ಹಳೇ ಹಾಸಿಗೆ ತುರುಕಿದ್ದೇನೆ. ಅವರಿಗೆ ಸಮಾಧಾನವಿಲ್ಲ, ನಾನು ಅವರನ್ನು ತಪ್ಪು ಅನ್ನುವುದೂ ಇಲ್ಲ.

ಈಗ ಇರುವ 23ನೆಯ ಪ್ರಯಾಣಿಕ ಬೀದಿನಾಯಿ ಅಲ್ಲ. ಲ್ಯಾಬ್ರಡಾರ್, ಹತ್ತು ವರ್ಷದ ಮೇಲಿರಬೇಕು, ಎರಡು ಕಣ್ಣಿಗೂ ಪೊರೆ. ರಿಂಗ್ ರೋಡಿನ ಒಂದು ಬಸ್ ತಂಗುದಾಣದ ಕಂಬಕ್ಕೆ ಕಟ್ಟಿಹಾಕಿ, ಪಕ್ಕದಲ್ಲಿ ಸ್ಟೀಲ್ ಬಟ್ಟಲು, ಅರ್ಧ ಪ್ಯಾಕೆಟ್ ಬಿಸ್ಕತ್ತು ಇಟ್ಟು ಹೋಗಿದ್ದರು. ನೋಡಿ, ಅವರಿಗೂ ತಂಗುದಾಣವೇ ನೆನಪಾಗಿದೆ. ಮೊದಲ ದಿನ ನಾನು "ಕೂತ್ಕೋ" ಅಂದೆ, ಅಲುಗಲಿಲ್ಲ. "ಬಾರೋ" ಅಂದೆ, ಇಲ್ಲ. ಕಿವಿಯೂ ಹೋಗಿದೆ ಅಂದುಕೊಂಡೆ. ಸಂಜೆ ಮಗಳು ಫೋನಿನಲ್ಲಿ ಯಾರಿಗೋ "ಪ್ಲೀಸ್ ಸಿಟ್" ಅಂದಳು, ತಟ್ಟನೆ ಕೂತಿತು. "ಶೇಕ್ ಹ್ಯಾಂಡ್" ಅಂದರೆ ಬಲಗಾಲು ಎತ್ತುತ್ತದೆ. ಯಾರೋ ಕೂತು, ತಿಂಗಳುಗಟ್ಟಲೆ, ಬಿಸ್ಕತ್ತು ಕೊಟ್ಟು ಕಲಿಸಿದ್ದು. ಅದೇ ಕೈ ಆ ಕಂಬಕ್ಕೆ ಗಂಟು ಹಾಕಿದ್ದೋ, ಬೇರೆ ಕೈಯೋ ನನಗೆ ತಿಳಿಯದು. ಈಗ ಮನೆಯವಳು ಕನ್ನಡ ಕಲಿಸುತ್ತಿದ್ದಾಳೆ. 'ಬಾ', 'ಕೂತ್ಕೋ', 'ಸಾಕು' ಬಂದಿದೆ. ಇಂಥ ಮುದಿ ನಾಯಿಯನ್ನು ಯಾರೂ ಕೇಳುವುದಿಲ್ಲ ಅಂತ ಗೊತ್ತು, ಪುಸ್ತಕದಲ್ಲಿ 'ಇಳಿದ ಸ್ಥಳ' ಅನ್ನುವ ಕಾಲಂ ಮಾತ್ರ ಖಾಲಿಯೇ ಬಿಟ್ಟಿದ್ದೇನೆ. ಮನೆಯವಳು ಪೆನ್ಸಿಲಿನಲ್ಲಿ ನಮ್ಮ ಮನೆ ನಂಬರು ಬರೆದಿದ್ದಳು. ನಾನು ಅಳಿಸಿದೆ. ಒಂದು ಸೀಟು ಖಾಯಂ ಆದರೆ ಮುಂದಿನ ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದವರನ್ನು ಎಲ್ಲಿ ಕೂರಿಸಲಿ? ಅವಳು ಮತ್ತೆ ಬರೆದಿದ್ದಾಳೆ. ಈ ವಿವಾದ ಇನ್ನೂ ಇತ್ಯರ್ಥವಾಗಿಲ್ಲ.

ನಾಯಿ ಇಟ್ಟುಕೊಳ್ಳಲು ಆಗದವರು ಆಸ್ಪತ್ರೆಗೆ ಒಂದು ಸಲ ಕಾರು ಕೊಟ್ಟರೂ ಸಾಕು, ಹಳೇ ಬೆಡ್‌ಶೀಟು ಕೊಟ್ಟರೂ ಸಾಕು. ಎಲ್ಲಕ್ಕಿಂತ ಬೇಗ ಮುಗಿಯುವುದು ಹಳೇ ಪತ್ರಿಕೆ. ದಿನಕ್ಕೆ ಎರಡು ಪೂರ್ತಿ ಸಂಚಿಕೆ ಬೇಕು. ಮಾರಾಟವಾಗದೆ ಉಳಿದ ಪ್ರತಿಗಳ ಕಟ್ಟು ನಿಮ್ಮ ಕಚೇರಿಯಲ್ಲಿದ್ದರೆ ದಯವಿಟ್ಟು ತಿಳಿಸಿ, ನಾನೇ ಸ್ಕೂಟರ್ ತಂದು ಒಯ್ಯುತ್ತೇನೆ. ಸುದ್ದಿ ಪುಟಗಳು ಸಾಕು. ಬಣ್ಣದ ಪುರವಣಿ ಬೇಡ, ಆ ನುಣುಪು ಕಾಗದ ಹೀರುವುದಿಲ್ಲ.

ಇಂತಿ,
ಒಬ್ಬ ನಿವೃತ್ತ ಕಂಡಕ್ಟರ್,
ಕುವೆಂಪುನಗರ, ಮೈಸೂರು